ವೇಗದ ಟೆಲಿಫೋಟೊ ಝೂಮ್ ಲೆನ್ಸ್

ವೇಗದ ಟೆಲಿಫೋಟೊ ಝೂಮ್ ಲೆನ್ಸ್ ಎಂದರೆ ದೂರದ ವಸ್ತುವನ್ನು ಚೌಕಟ್ಟಿನಲ್ಲಿ ದೊಡ್ಡದಾಗಿ ಮೂಡಿಸುವ, ಸಂಗಮದೂರವನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದಾದ, ಹೆಚ್ಚು ಬೆಳಕನ್ನು ಒಳಬಿಡುವ ಕ್ಯಾಮೆರಾ ಮಸೂರ. ಎಫ್/2.8 ಅಥವಾ ಅದಕ್ಕಿಂತ ದೊಡ್ಡ ಬೆಳಕಿಂಡಿ ಇರುವ ಮಸೂರಗಳಿಗೆ ರೂಢಿಯಲ್ಲಿ ಈ ಹೆಸರು ಸಲ್ಲುತ್ತದೆ. 70-200 ಮಿ.ಮೀ. ಎಫ್/2.8 ಈ ವರ್ಗದ ಮಾದರಿ ಮಸೂರ. ವನ್ಯಜೀವಿ, ಕ್ರೀಡೆ, ಮದುವೆ, ರಂಗಭೂಮಿ ಮತ್ತು ಸುದ್ದಿ ಛಾಯಾಗ್ರಹಣದಲ್ಲಿ ಇದರ ಬಳಕೆ ಹೆಚ್ಚು.

ಉದಾಹರಣೆಗೆ, ಕರ್ನಾಟಕದ ಹಾವೇರಿ ಜಿಲ್ಲೆಯಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗ, ದೀಪಾವಳಿ ವೇಳೆಯ ಹೋರಿ ಓಟ ಮತ್ತು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಮೂರೂ ಟೆಲಿಫೋಟೊ ಮಸೂರ ಬೇಡುವ ವಸ್ತುಗಳು. ಆದರೆ ಮೂರೂ ಒಂದೇ ಗುಣವನ್ನು ಬೇಡುವುದಿಲ್ಲ. ಮೊದಲನೆಯದಕ್ಕೆ ನಿಲುಕು (ದೂರದ ವಸ್ತುವನ್ನು ದೊಡ್ಡದಾಗಿ ಹಿಡಿಯುವ ಅಳವು), ಎರಡನೆಯದಕ್ಕೆ ವೇಗ, ಮೂರನೆಯದಕ್ಕೆ ಧೂಳು ತಡೆಯುವ ಕಟ್ಟು ಮುಖ್ಯ. ಮಸೂರದ ಆಯ್ಕೆ ನಿಂತಿರುವುದು ಈ ಗುಣಗಳ ತೂಕದ ಮೇಲೆ.

ಪರಿಭಾಷೆ

ಸಂಗಮದೂರ: ಮಸೂರವು ದೂರದ ವಸ್ತುವನ್ನು ಎಷ್ಟು ದೊಡ್ಡದಾಗಿ ಮೂಡಿಸುತ್ತದೆ ಎಂಬುದನ್ನು ನಿರ್ಧರಿಸುವ ಅಳತೆ. ಇದನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಸಂಗಮದೂರ ಹೆಚ್ಚಿದಂತೆ ನೋಟದ ಕೋನ ಕಿರಿದಾಗುತ್ತದೆ. ಪೂರ್ಣ ಚೌಕಟ್ಟಿನ (36 × 24 ಮಿ.ಮೀ.) ಸೆನ್ಸರ್ ಮೇಲೆ ಕರ್ಣದ ನೋಟಕೋನವು 70 ಮಿ.ಮೀ.ನಲ್ಲಿ ಸುಮಾರು 34 ಡಿಗ್ರಿ, 200 ಮಿ.ಮೀ.ನಲ್ಲಿ ಸುಮಾರು 12 ಡಿಗ್ರಿ.

ಬೆಳಕಿಂಡಿ: ಮಸೂರದೊಳಗೆ ಬೆಳಕು ಹಾಯುವ, ಕಿರಿದು ಹಿರಿದು ಮಾಡಬಹುದಾದ ರಂಧ್ರ. ಸಂಗಮದೂರವನ್ನು ಮಸೂರದ ಮುಂಬದಿಯಿಂದ ಕಾಣುವ ಬೆಳಕಿಂಡಿಯ ವ್ಯಾಸದಿಂದ ಭಾಗಿಸಿದರೆ ಎಫ್ ಸಂಖ್ಯೆ ಸಿಗುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿಂಡಿ ದೊಡ್ಡದು. 200 ಮಿ.ಮೀ. ಎಫ್/2.8 ಮಸೂರದಲ್ಲಿ ಈ ವ್ಯಾಸ ಸುಮಾರು 71 ಮಿ.ಮೀ.

ಸ್ಟಾಪ್: ಬೆಳಕನ್ನು ಇಮ್ಮಡಿ ಅಥವಾ ಅರ್ಧ ಮಾಡುವ ಒಂದು ಹೆಜ್ಜೆ. ಎಫ್/2.8, ಎಫ್/4, ಎಫ್/5.6 ಇವುಗಳ ನಡುವೆ ಒಂದೊಂದು ಸ್ಟಾಪ್ ಅಂತರವಿದೆ.

ವೇಗ: ಇಲ್ಲಿ ಈ ಪದ ಚಲನೆಯ ವೇಗವನ್ನಾಗಲಿ, ಆಟೊಫೋಕಸ್ ಚುರುಕನ್ನಾಗಲಿ ಸೂಚಿಸುವುದಿಲ್ಲ. ದೊಡ್ಡ ಬೆಳಕಿಂಡಿಯಿಂದ ಬೇಗ ಬೆಳಕು ಒದಗುವುದರಿಂದ ಷಟರ್ ವೇಗವನ್ನು ಹೆಚ್ಚಿಸಬಹುದು. ಮಸೂರವನ್ನು ವೇಗದ್ದು ಎನ್ನುವುದು ಈ ಕಾರಣಕ್ಕೆ.

ಟೆಲಿಫೋಟೊ: ಮಸೂರದ ಭೌತಿಕ ಉದ್ದವು ಸಂಗಮದೂರಕ್ಕಿಂತ ಕಡಿಮೆ ಇರುವಂತೆ ಗಾಜುಗಳನ್ನು ಜೋಡಿಸಿದ ರಚನೆ. ಬಳಕೆಯ ಮಾತಿನಲ್ಲಿ ಸುಮಾರು 70 ಮಿ.ಮೀ.ಗಿಂತ ಹೆಚ್ಚು ಸಂಗಮದೂರದ ಎಲ್ಲ ಮಸೂರಗಳನ್ನೂ ಹೀಗೆ ಕರೆಯುತ್ತಾರೆ.

ಉಗಮ ಮತ್ತು ವಿಕಾಸ

ಟೆಲಿಫೋಟೊ ರಚನೆಯನ್ನು 1891ರ ಸುಮಾರಿಗೆ ಇಂಗ್ಲೆಂಡಿನ ಥಾಮಸ್ ರುಡಾಲ್ಫಸ್ ಡಾಲ್‌ಮೇಯರ್ ಮತ್ತು ಜರ್ಮನಿಯ ಅಡಾಲ್ಫ್ ಮೀಟೆ ಸ್ವತಂತ್ರವಾಗಿ ರೂಪಿಸಿದರು. ಸಂಗಮದೂರ ಬದಲಿಸುವ ಮಸೂರಕ್ಕೆ ಅಮೆರಿಕದ ಕ್ಲೈಲ್ ಅಲೆನ್ 1902ರಲ್ಲಿ ಪೇಟೆಂಟ್ ಪಡೆದ. 1932ರಲ್ಲಿ ಬಂದ ಬೆಲ್ ಅಂಡ್ ಹೋವೆಲ್ ಕುಕ್ ವಾರೋ 40-120 ಮಿ.ಮೀ. ಮಸೂರ ಚಲನಚಿತ್ರ ಕ್ಯಾಮೆರಾಗಳಿಗೆ ಮೀಸಲಾಗಿತ್ತು.

35 ಮಿ.ಮೀ. ಸ್ಥಿರಚಿತ್ರ ಕ್ಯಾಮೆರಾದ ಮೊದಲ ಝೂಮ್ ಮಸೂರವಾದ ಫೋಕ್ಟ್‌ಲೆಂಡರ್ ಝೂಮಾರ್ 36-82 ಮಿ.ಮೀ. ಎಫ್/2.8 ಬಂದದ್ದು 1959ರಲ್ಲಿ. ಅದೇ ವರ್ಷ ನಿಕಾನ್ ಕಂಪನಿ 85-250 ಮಿ.ಮೀ. ಟೆಲಿಫೋಟೊ ಝೂಮನ್ನು ಪ್ರಕಟಿಸಿತು. ಅದರ ಬೆಳಕಿಂಡಿ ಎಫ್/4ರ ಆಸುಪಾಸಿನದು. ಎಫ್/2.8 ಇರುವ 80-200 ಮಿ.ಮೀ. ನಿಕ್ಕೊರ್ ಮಸೂರ 1982ರಲ್ಲಿ ಬಂತು. ಅದರ ಫೋಕಸ್ ಕೈಯಿಂದ ತಿರುಗಿಸುವಂಥದ್ದು.

1980ರ ದಶಕದ ಕೊನೆಗೆ ಈ ವರ್ಗಕ್ಕೆ ಆಟೊಫೋಕಸ್ ಸೇರಿತು. ಕ್ಯಾನನ್ ಕಂಪನಿಯ 80-200 ಮಿ.ಮೀ. ಎಫ್/2.8 ಎಲ್ 1989ರಲ್ಲಿ, 70-200 ಮಿ.ಮೀ. ಎಫ್/2.8 ಎಲ್ 1995ರಲ್ಲಿ ಬಂದವು. ಕೈನಡುಕ ತಡೆಯುವ ಸ್ಥಿರೀಕರಣ ವ್ಯವಸ್ಥೆ 2001ರಲ್ಲಿ ಕ್ಯಾನನ್ 70-200 ಎಫ್/2.8 ಮಸೂರಕ್ಕೂ 2003ರಲ್ಲಿ ನಿಕಾನ್ ಮಸೂರಕ್ಕೂ ಸೇರಿತು. ಮಿರರ್‌ಲೆಸ್ ಕ್ಯಾಮೆರಾಗಳಿಗಾಗಿ ಸೋನಿ 2016ರಲ್ಲಿ, ಕ್ಯಾನನ್ 2019ರಲ್ಲಿ, ನಿಕಾನ್ 2020ರಲ್ಲಿ ಹೊಸ 70-200 ಎಫ್/2.8 ಮಸೂರಗಳನ್ನು ತಂದವು.

ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣದ ಪರಂಪರೆಯನ್ನು ಕಟ್ಟಿದವರಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಮತ್ತು ಸಂಡೂರಿನ ಎಂ.ವೈ. ಘೋರ್ಪಡೆ ಪ್ರಮುಖರು. ಇವರದು ಫಿಲ್ಮ್ ಕಾಲ. ಆಗಿನ ಬಣ್ಣದ ಸ್ಲೈಡ್ ಫಿಲ್ಮ್‌ಗಳ ಸಂವೇದನೆ ಬಹುಮಟ್ಟಿಗೆ ಐಎಸ್‌ಒ 64ರಿಂದ 100ರ ಆಸುಪಾಸಿನಲ್ಲಿತ್ತು. ಸಂವೇದನೆಯನ್ನು ಚಿತ್ರದಿಂದ ಚಿತ್ರಕ್ಕೆ ಏರಿಸುವ ಅನುಕೂಲ ಇರಲಿಲ್ಲವಾದ್ದರಿಂದ ಮಸೂರದ ಒಂದೊಂದು ಸ್ಟಾಪ್ ಕೂಡ ಅಂದು ಇಂದಿಗಿಂತ ಹೆಚ್ಚು ಬೆಲೆಬಾಳುತ್ತಿತ್ತು.

ರಚನೆ

ಈ ಮಸೂರದೊಳಗೆ ಸಾಮಾನ್ಯವಾಗಿ 15ರಿಂದ 23 ಗಾಜಿನ ಬಿಲ್ಲೆಗಳು ಗುಂಪುಗುಂಪಾಗಿ ಇರುತ್ತವೆ. ಒಂದು ಗುಂಪು ಸಂಗಮದೂರವನ್ನು ಬದಲಿಸಿದರೆ ಇನ್ನೊಂದು ಫೋಕಸ್ ಮಾಡುತ್ತದೆ, ಮತ್ತೊಂದು ಕೈನಡುಕಕ್ಕೆ ಎದುರಾಗಿ ಸರಿಯುತ್ತದೆ. ಕಡಿಮೆ ವರ್ಣವಿಭಜನೆಯ ಗಾಜು ಅಥವಾ ಫ್ಲೋರೈಟ್ ಹರಳು ಬಳಸಿ, ವಸ್ತುವಿನ ಅಂಚಿನಲ್ಲಿ ನೇರಳೆ, ಹಸಿರು ಗೆರೆ ಮೂಡದಂತೆ ತಡೆಯುತ್ತಾರೆ.

ಬೆಳಕಿಂಡಿ ದೊಡ್ಡದಾದಂತೆ ಮುಂಬದಿಯ ಗಾಜೂ ದೊಡ್ಡದಾಗಬೇಕು. 300 ಮಿ.ಮೀ. ಎಫ್/2.8ಕ್ಕೆ ಸುಮಾರು 107 ಮಿ.ಮೀ., 500 ಮಿ.ಮೀ. ಎಫ್/2.8ಕ್ಕೆ ಸುಮಾರು 179 ಮಿ.ಮೀ. ವ್ಯಾಸದ ಕಿಂಡಿ ಬೇಕು. ಸಿಗ್ಮಾ ಕಂಪನಿ 2008ರಲ್ಲಿ ತಂದ 200-500 ಮಿ.ಮೀ. ಎಫ್/2.8 ಮಸೂರದ ತೂಕ 15 ಕಿಲೋ ದಾಟಿತ್ತು. ಕೈಯಲ್ಲಿ ಹಿಡಿಯುವ ವೇಗದ ಝೂಮ್‌ಗಳು ಬಹುಮಟ್ಟಿಗೆ 200 ಮಿ.ಮೀ.ಗೇ ನಿಲ್ಲುವುದಕ್ಕೆ ಕಾರಣ ಈ ಲೆಕ್ಕ.

ಝೂಮ್ ತಿರುಗಿಸಿದಾಗ ಕೆಲವು ಮಸೂರಗಳ ಕೊಳವೆ ಮುಂದಕ್ಕೆ ಚಾಚುತ್ತದೆ, ಕೆಲವುಗಳಲ್ಲಿ ಗಾಜುಗಳು ಒಳಗೇ ಸರಿಯುತ್ತವೆ. ಚಾಚುವ ಮಸೂರ ಚೀಲದಲ್ಲಿ ಗಿಡ್ಡವಾಗಿ ಕೂರುತ್ತದೆ. ಒಳಗೇ ಸರಿಯುವುದರ ತೂಕದ ಸಮತೋಲ ಬದಲಾಗುವುದಿಲ್ಲ, ಧೂಳು ಎಳೆದುಕೊಳ್ಳುವ ಸಂಭವವೂ ಕಡಿಮೆ.

ಬಗೆಗಳು

ಸ್ಥಿರ ಎಫ್/2.8 ಝೂಮ್: 70-200 ಮಿ.ಮೀ. ಇದರ ಮುಖ್ಯ ರೂಪ. ಝೂಮ್ ಎಲ್ಲಿಗೇ ತಿರುಗಿಸಿದರೂ ಎಫ್/2.8 ಲಭ್ಯ. 2020ರಲ್ಲಿ ಬಂದ ಟ್ಯಾಮ್ರಾನ್ 70-180 ಎಫ್/2.8 ಸುಮಾರು 810 ಗ್ರಾಂ ತೂಗುವ ಹಗುರ ರೂಪ.

ಉದ್ದನೆಯ ಎಫ್/2.8 ಝೂಮ್: ಸಿಗ್ಮಾ 120-300, ನಿಕಾನ್ 120-300 (2020), ಕ್ಯಾನನ್ 100-300 (2023) ಈ ಗುಂಪಿನವು. ಕ್ರೀಡಾಂಗಣ ಮತ್ತು ಕಾಡಿನ ನೆರಳಿಗೆ ತಕ್ಕವಾದರೂ ತೂಕ ಮತ್ತು ಬೆಲೆ ಎರಡರಲ್ಲೂ ಭಾರ.

ಸ್ಥಿರ ಎಫ್/4 ಝೂಮ್: 70-200 ಎಫ್/4 ಒಂದು ಸ್ಟಾಪ್ ಬೆಳಕು ಬಿಟ್ಟುಕೊಟ್ಟು ಹಗುರಾಗುತ್ತದೆ. ಕಟ್ಟುನಿಟ್ಟಾಗಿ ಇದು ವೇಗದ ವರ್ಗಕ್ಕೆ ಸೇರದು.

ನಿಲುಕಿನ ಝೂಮ್: 150-600, 180-600, 200-600 ಮಿ.ಮೀ. ಮಸೂರಗಳು. ಬೆಳಕಿಂಡಿ ಸಾಮಾನ್ಯವಾಗಿ ಎಫ್/5ರಿಂದ ಎಫ್/6.3. ವೇಗದ ಮಸೂರಕ್ಕೆ ಪರ್ಯಾಯವಾಗಿ ಆಯ್ಕೆಯ ವೇಳೆ ಎದುರಾಗುವುದು ಈ ಗುಂಪು.

ಟೆಲಿಕನ್ವರ್ಟರ್: ಮಸೂರ ಮತ್ತು ಕ್ಯಾಮೆರಾ ನಡುವೆ ಕೂರಿಸುವ ಸಾಧನ. 1.4 ಪಟ್ಟಿನದು ಒಂದು ಸ್ಟಾಪ್, 2 ಪಟ್ಟಿನದು ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. 70-200 ಎಫ್/2.8ಕ್ಕೆ 2 ಪಟ್ಟಿನದನ್ನು ಕೂರಿಸಿದರೆ 140-400 ಎಫ್/5.6 ಆಗುತ್ತದೆ. ಚಿತ್ರದ ಹರಿತವೂ ಸ್ವಲ್ಪ ಕುಗ್ಗುತ್ತದೆ. ಎಲ್ಲ ಮಸೂರಗಳೂ ಇದನ್ನು ಒಪ್ಪುವುದಿಲ್ಲ.

ಆಯ್ಕೆಯ ಅಂಶಗಳು

ದೂರ: ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ ಚಿತ್ರದೊಳಗೆ ಬರುವ ಅಗಲವನ್ನು ಲೆಕ್ಕ ಹಾಕಲು 36ನ್ನು ಸಂಗಮದೂರದಿಂದ ಭಾಗಿಸಿ ವಸ್ತುವಿನ ದೂರದಿಂದ ಗುಣಿಸಬೇಕು. 50 ಮೀಟರ್ ದೂರದಲ್ಲಿ 200 ಮಿ.ಮೀ. ಮಸೂರ 9 ಮೀಟರ್ ಅಗಲವನ್ನೂ 400 ಮಿ.ಮೀ. 4.5 ಮೀಟರನ್ನೂ 600 ಮಿ.ಮೀ. 3 ಮೀಟರನ್ನೂ ತೋರಿಸುತ್ತದೆ. ಪೂರ್ಣ ಚೌಕಟ್ಟಿಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಇದ್ದರೆ ಈ ಅಗಲ ಸುಮಾರು ಮೂರರಲ್ಲಿ ಎರಡು ಭಾಗಕ್ಕೆ ಇಳಿಯುತ್ತದೆ.

ಬೆಳಕು: ದಟ್ಟ ಮೋಡದ ದಿನ ಐಎಸ್‌ಒ 100, ಎಫ್/2.8ರಲ್ಲಿ ಷಟರ್ ವೇಗ ಸೆಕೆಂಡಿನ 250ನೇ ಒಂದು ಭಾಗ ಬರುವಷ್ಟು ಬೆಳಕಿದೆ ಎನ್ನೋಣ. ಅದನ್ನು 1/1000ಕ್ಕೆ ಏರಿಸಲು ಎಫ್/2.8ರಲ್ಲಿ ಐಎಸ್‌ಒ 400 ಸಾಕು. ಎಫ್/5.6ರಲ್ಲಿ 1600 ಬೇಕು.

ಚಲನೆ: ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಡ್ಡ ಓಡುವ ಪ್ರಾಣಿ 1/250 ಸೆಕೆಂಡಿನಲ್ಲಿ ಸುಮಾರು 6.7 ಸೆಂ.ಮೀ., 1/1000 ಸೆಕೆಂಡಿನಲ್ಲಿ ಸುಮಾರು 1.7 ಸೆಂ.ಮೀ. ಸರಿಯುತ್ತದೆ. ಸ್ಥಿರೀಕರಣ ವ್ಯವಸ್ಥೆ ಛಾಯಾಗ್ರಾಹಕನ ಕೈನಡುಕವನ್ನಷ್ಟೇ ತಡೆಯುತ್ತದೆ. ಓಡುವ ಪ್ರಾಣಿಯನ್ನು ನಿಲ್ಲಿಸುವುದು ಷಟರ್ ವೇಗ.

ಸ್ಪಷ್ಟತೆಯ ಆಳ: ಬೆಳಕಿಂಡಿ ಹಿಗ್ಗಿದಂತೆ ಫೋಕಸ್‌ನಲ್ಲಿರುವ ಪದರ ತೆಳುವಾಗುತ್ತದೆ. 200 ಮಿ.ಮೀ. ಎಫ್/2.8ರಲ್ಲಿ 10 ಮೀಟರ್ ದೂರದ ವಸ್ತುವಿಗೆ ಈ ಆಳ ಸುಮಾರು 42 ಸೆಂ.ಮೀ., ಎಫ್/5.6ರಲ್ಲಿ ಸುಮಾರು 84 ಸೆಂ.ಮೀ. ಹಿನ್ನೆಲೆಯನ್ನು ಮಸುಕಾಗಿಸಿ ವಸ್ತುವನ್ನು ಬಿಡಿಸಿ ತೋರಿಸುವುದಕ್ಕೆ ತೆಳು ಪದರ ಅನುಕೂಲ, ಗುಂಪುಚಿತ್ರಕ್ಕೆ ಅನನುಕೂಲ.

ತೂಕ: 2021ರ ಸೋನಿ 70-200 ಎಫ್/2.8 ಎರಡನೇ ಆವೃತ್ತಿ ಸುಮಾರು 1,045 ಗ್ರಾಂ, 2019ರ ಕ್ಯಾನನ್ ಆರ್‌ಎಫ್ ಸುಮಾರು 1,070 ಗ್ರಾಂ, 2020ರ ನಿಕಾನ್ ಝಡ್ ಸುಮಾರು 1,360 ಗ್ರಾಂ. ನಿಲುಕಿನ ಝೂಮ್‌ಗಳು ಎರಡು ಕಿಲೋ ಆಸುಪಾಸಿನವು.

ಹಾವೇರಿ ಜಿಲ್ಲೆಯಲ್ಲಿ ಬಳಕೆ

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರಚನೆಯಾದ ಹಾವೇರಿ ಜಿಲ್ಲೆಯಲ್ಲಿ ಹುಲ್ಲುಗಾವಲು, ಕೋಟೆ, ಮಾರುಕಟ್ಟೆ, ಜಾತ್ರೆಯ ಬಯಲು ಎಲ್ಲವೂ ಕೆಲವೇ ಗಂಟೆಗಳ ಹಾದಿಯಲ್ಲಿವೆ.

ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ: 1974ರಲ್ಲಿ ಘೋಷಣೆಯಾದ ಇದರ ವಿಸ್ತೀರ್ಣ 119 ಚದರ ಕಿ.ಮೀ. ಕುರುಚಲು, ಹುಲ್ಲು ಮತ್ತು ನೀಲಗಿರಿ ನೆಡುತೋಪುಗಳ ಈ ನೆಲದಲ್ಲಿ ಕೃಷ್ಣಮೃಗ ಮತ್ತು ತೋಳಗಳಿವೆ. ಎರೆಭೂತ ಪಕ್ಷಿಗೂ ಇದು ಹಿಂದೆ ಹೆಸರಾಗಿತ್ತು. ಈ ಭಾಗದಲ್ಲಿ ಚಿಗರಿ ಎಂದು ಕರೆಯುವ ಕೃಷ್ಣಮೃಗ ಬಯಲಿನ ಪ್ರಾಣಿ. ಮನುಷ್ಯರನ್ನು ದೂರದಿಂದಲೇ ಗುರುತಿಸಿ ಸರಿದುಬಿಡುತ್ತದೆ.

ಪ್ರಾಣಿಯ ದೇಹದ ಉದ್ದ ಸುಮಾರು 1.2 ಮೀಟರ್ ಎಂದು ಹಿಡಿದರೆ, 100 ಮೀಟರ್ ದೂರದಲ್ಲಿ ಅದು 200 ಮಿ.ಮೀ. ಚಿತ್ರದ ಅಗಲದ ಹದಿನೈದರಲ್ಲಿ ಒಂದು ಭಾಗವನ್ನು, 600 ಮಿ.ಮೀ. ಚಿತ್ರದ ಐದರಲ್ಲಿ ಒಂದು ಭಾಗವನ್ನು ತುಂಬುತ್ತದೆ. 200 ಮಿ.ಮೀ. ಚಿತ್ರವನ್ನು 600ರ ಅಳತೆಗೆ ಕತ್ತರಿಸಿದರೆ ಉಳಿಯುವುದು ಸೆನ್ಸರಿನ ಒಂಬತ್ತನೇ ಒಂದು ಭಾಗ. 45 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅದು 5 ಮೆಗಾಪಿಕ್ಸೆಲ್. ಬೆಳಕಿನ ಲೆಕ್ಕವೂ ಇಲ್ಲಿ ತಿರುವುಮುರುವಾಗುತ್ತದೆ. 600 ಮಿ.ಮೀ. ಎಫ್/6.3 ಮಸೂರದ ಕಿಂಡಿಯ ವ್ಯಾಸ ಸುಮಾರು 95 ಮಿ.ಮೀ., 200 ಮಿ.ಮೀ. ಎಫ್/2.8ರದು ಸುಮಾರು 71 ಮಿ.ಮೀ. ಒಂದೇ ಷಟರ್ ವೇಗದಲ್ಲಿ, ದೂರದ ಆ ಒಂದು ಚಿಗರಿಯಿಂದ ಹೊರಡುವ ಬೆಳಕನ್ನು ಹೆಚ್ಚು ಸಂಗ್ರಹಿಸುವುದು ನಿಧಾನದ್ದೆಂದು ಹೆಸರಾದ 600 ಮಿ.ಮೀ. ಮಸೂರವೇ. ಹೀಗಾಗಿ ಈ ಬಯಲಿನಲ್ಲಿ ನಿಲುಕು ಮೊದಲು, ಎಫ್ ಸಂಖ್ಯೆ ಆಮೇಲೆ. ಎರಡೂ ಒಟ್ಟಿಗೆ ಬೇಕೆಂದರೆ 300 ಮಿ.ಮೀ. ತಲುಪುವ ಎಫ್/2.8 ಝೂಮ್ ಮತ್ತು ಟೆಲಿಕನ್ವರ್ಟರ್ ಜೋಡಿ ಬೇಕಾಗುತ್ತದೆ.

ಬಲಿತ ಗಂಡಿನ ಬೆನ್ನು ಕಡುಗಪ್ಪು, ಹೊಟ್ಟೆ ಬಿಳಿ. ಕಪ್ಪಿಗೆ ಹೊಂದಿಸಿ ಬೆಳಕನ್ನು ಅಳೆದರೆ ಬಿಳಿಯ ಭಾಗದ ವಿವರ ಅಳಿಸಿಹೋಗುತ್ತದೆ. ಬಿಸಿಲು ಏರಿದ ಮೇಲೆ ನೆಲದಿಂದ ಏಳುವ ಕಾವಿಗೆ ಗಾಳಿ ಕಂಪಿಸಿ ದೂರದ ಚಿತ್ರ ಕದಡುತ್ತದೆ. ಇದನ್ನು ಯಾವ ಮಸೂರವೂ ಸರಿಪಡಿಸಲಾರದು. ಬೆಳಗಿನ ಮತ್ತು ಸಂಜೆಯ ಹೊತ್ತು ಚಿತ್ರ ತೆಗೆಯಲು ತಕ್ಕದ್ದು.

ಹೋರಿ ಹಬ್ಬ: ದೀಪಾವಳಿಯಿಂದ ಶುರುವಾಗುವ ಹೋರಿ ಬೆದರಿಸುವ ಸ್ಪರ್ಧೆ ಜಿಲ್ಲೆಯ ಹಳ್ಳಿಗಳ ದೊಡ್ಡ ಸಂಭ್ರಮ. ಕೊರಳಿಗೆ ಕೊಬ್ಬರಿ ಸರ, ಮೈಮೇಲೆ ಝೂಲ, ಕೋಡುಗಳಿಗೆ ಅಲಂಕಾರ ಮಾಡಿದ ಹೋರಿಯನ್ನು ಜನರ ನಡುವಿನ ಹಾದಿಯಲ್ಲಿ ಓಡಿಸುತ್ತಾರೆ. ಓಡುವ ಹೋರಿಯ ಕೊಬ್ಬರಿಯನ್ನು ಹರಿದುಕೊಳ್ಳುವುದು ಯುವಕರ ಪಣ.

ಇಲ್ಲಿ ಹೋರಿ ಕ್ಯಾಮೆರಾದ ಕಡೆಗೇ ನುಗ್ಗಿ ಬರುತ್ತದೆ. 40 ಮೀಟರ್ ದೂರದಲ್ಲಿ 200 ಮಿ.ಮೀ. ಮಸೂರ ಸುಮಾರು 7 ಮೀಟರ್ ಅಗಲ ತೋರಿಸಿದರೆ, 10 ಮೀಟರ್ ಹತ್ತಿರ ಬಂದಾಗ 70 ಮಿ.ಮೀ. ಸುಮಾರು 5 ಮೀಟರ್ ಅಗಲ ತೋರಿಸುತ್ತದೆ. ಓಟ ಶುರುವಾದಲ್ಲಿಂದ ಮುಗಿಯುವವರೆಗೆ ಹೋರಿಯನ್ನು ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಹಿಡಿಯಲು ಝೂಮ್ ಬೇಕಾಗುವುದು ಇದಕ್ಕೆ. 20 ಮೀಟರ್ ದೂರದಲ್ಲಿ 200 ಮಿ.ಮೀ. ಎಫ್/2.8ರ ಸ್ಪಷ್ಟತೆಯ ಆಳ ಸುಮಾರು 1.7 ಮೀಟರ್. ಗಂಟೆಗೆ 30 ಕಿ.ಮೀ. ವೇಗದ ಹೋರಿ ಅಷ್ಟು ದೂರವನ್ನು ಸೆಕೆಂಡಿನ ಐದನೇ ಒಂದು ಭಾಗದಲ್ಲಿ ದಾಟುತ್ತದೆ. ಆದ್ದರಿಂದ ಎಫ್/2.8 ಎಂಬ ಅಂಕಿಯ ಜೊತೆಗೆ, ಎದುರು ಬರುವ ವಸ್ತುವನ್ನು ಬೆನ್ನುಹತ್ತುವ ಆಟೊಫೋಕಸ್ ಮೋಟಾರಿನ ಚುರುಕನ್ನೂ ಪರೀಕ್ಷಿಸಬೇಕಾಗುತ್ತದೆ. ಹಾದಿಯ ಬದಿಯಲ್ಲಿ ಟ್ರೈಪಾಡಿಗೆ ಜಾಗ ಇರದಿರುವುದರಿಂದ ಮಸೂರ ಕೈಯಲ್ಲಿ ಹಿಡಿಯುವ ತೂಕದ್ದಾಗಿರಬೇಕು.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ: ಬ್ಯಾಡಗಿ ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಳೆ. ಕಡಿಮೆ ಖಾರ, ಗಾಢ ಕೆಂಪು, ಸುಕ್ಕುಗಟ್ಟಿದ ಸಿಪ್ಪೆ ಇದರ ಗುರುತು. ಡಬ್ಬಿ, ಕಡ್ಡಿ ಎಂಬ ಎರಡು ಬಗೆಗಳಿವೆ. ಮಾರುಕಟ್ಟೆಯ ಪ್ರಾಂಗಣದಲ್ಲಿ ಚೀಲಗಳ ಸಾಲು, ರಾಶಿ, ಕಾಯಿ ವಿಂಗಡಿಸುವ ಮಹಿಳೆಯರು ಎಲ್ಲ ಕೆಲವೇ ಮೀಟರುಗಳ ಅಂತರದಲ್ಲಿ ಸಿಗುವುದರಿಂದ 70-200 ಮಿ.ಮೀ. ವ್ಯಾಪ್ತಿ ಸಾಕು.

ದೂರ ನಿಂತು 200 ಮಿ.ಮೀ.ನಲ್ಲಿ ನೋಡಿದರೆ ಚೀಲದ ಸಾಲುಗಳು ಒಂದರ ಮೇಲೊಂದು ಒತ್ತಿದಂತೆ ಕಾಣುತ್ತವೆ. ಈ ಪರಿಣಾಮ ಹುಟ್ಟುವುದು ನಿಂತ ದೂರದಿಂದ. ಮಸೂರ ಅದನ್ನು ಕತ್ತರಿಸಿ ದೊಡ್ಡದು ಮಾಡುತ್ತದೆ ಅಷ್ಟೆ. ಒಂದೇ ಕಾಯಿಯ ಸುಕ್ಕನ್ನು ತುಂಬು ಚೌಕಟ್ಟಿಗೆ ತರಲು ಮಸೂರದ ಕನಿಷ್ಠ ಫೋಕಸ್ ದೂರ ಮುಖ್ಯ. ಹಳೆಯ 70-200 ಮಸೂರಗಳಲ್ಲಿ ಅದು 1.2 ಮೀಟರಿನಷ್ಟಿದ್ದರೆ ಕ್ಯಾನನ್ ಆರ್‌ಎಫ್ ಮಸೂರದಲ್ಲಿ 0.7 ಮೀಟರಿಗೆ ಇಳಿದಿದೆ. ಚೌಕಟ್ಟು ತುಂಬ ಕೆಂಪೇ ಇದ್ದಾಗ ಸೆನ್ಸರಿನ ಕೆಂಪು ವಾಹಿನಿ ಬೇಗ ತುಂಬಿ ಕಾಯಿಗಳ ವಿವರ ಬಣ್ಣದ ಮುದ್ದೆಯಾಗುತ್ತದೆ. ಬೆಳಕನ್ನು ಸ್ವಲ್ಪ ಕಡಿಮೆ ಮಾಡಿ, ಹಿಸ್ಟೋಗ್ರಾಮಿನ ಕೆಂಪು ರೇಖೆಯನ್ನು ಗಮನಿಸುವುದು ಇದಕ್ಕೆ ಪರಿಹಾರ. ಗಾಳಿಯಲ್ಲಿ ಮೆಣಸಿನ ನವಿರು ಪುಡಿ ತೇಲುವುದರಿಂದ ಕೀಲುಗಳಲ್ಲಿ ರಬ್ಬರ್ ತಡೆ ಇರುವ, ಒಳಗೇ ಝೂಮ್ ಆಗುವ ಮಸೂರ ಇಲ್ಲಿ ಸುರಕ್ಷಿತ. ಪ್ರಾಂಗಣದೊಳಗೆ ಮಸೂರ ಬದಲಿಸಿದರೆ ಪುಡಿ ಸೆನ್ಸರಿಗೆ ಅಂಟುತ್ತದೆ.

ಬಂಕಾಪುರ: ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯೊಳಗಿನ 139 ಎಕರೆ ಪ್ರದೇಶ ನವಿಲುಗಳ ರಕ್ಷಿತ ತಾಣ. ಗರಿಬಿಚ್ಚುವ ಕಾಲ ಮಳೆಗಾಲ, ಅಂದರೆ ಮೋಡದ ಮಂದ ಬೆಳಕು. ಮರದ ನೆರಳಿನಲ್ಲಿ ಕುಣಿಯುವ ನವಿಲಿಗೆ ಎಫ್/2.8 ಮಸೂರ ನಿಜವಾಗಿ ಉಪಯುಕ್ತ.

ದೇವಾಲಯ, ಮಂಟಪ, ರಂಗ: ತುಂಗಭದ್ರೆಯ ದಡದ ಚೌಡಯ್ಯದಾನಪುರದ ಮುಕ್ತೇಶ್ವರ ಮತ್ತು ಹಾವೇರಿಯ ಸಿದ್ಧೇಶ್ವರ ದೇವಾಲಯಗಳ ಶಿಖರಶಿಲ್ಪವನ್ನು ಹಗಲಿನಲ್ಲಿ ಎಫ್/8ರಲ್ಲೇ ತೆಗೆಯಬಹುದು. ಇಲ್ಲಿ ವೇಗದ ಅಗತ್ಯವಿಲ್ಲ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಒಳಛಾವಣಿಯ ಕಮಲದಂಥ, ಮಬ್ಬು ಬೆಳಕಿನಲ್ಲಿರುವ ಕೆತ್ತನೆಗೆ ಮಾತ್ರ ವೇಗ ನೆರವಾಗುತ್ತದೆ. ರಾತ್ರಿಯ ದೊಡ್ಡಾಟದಲ್ಲಿ ಐಎಸ್‌ಒ 3200ರಲ್ಲಿ ಎಫ್/2.8 ಮಸೂರಕ್ಕೆ 1/250 ಸೆಕೆಂಡ್ ಸಿಗುವ ಬೆಳಕಿನಲ್ಲಿ ಎಫ್/5.6 ಮಸೂರಕ್ಕೆ ಸಿಗುವುದು 1/60. ಕುಣಿತದ ಹೆಜ್ಜೆ ಆ ವೇಗದಲ್ಲಿ ಮಸುಕಾಗುತ್ತದೆ. ಕಲ್ಯಾಣ ಮಂಟಪದಲ್ಲಿ ಅಕ್ಷತೆ ಬೀಳುವ ಕ್ಷಣಕ್ಕೂ ಇದೇ ಲೆಕ್ಕ.

ಕಾನೂನು ಮತ್ತು ನಡವಳಿಕೆ

ಕೃಷ್ಣಮೃಗ ಮತ್ತು ನವಿಲು 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಛಾಯಾಗ್ರಹಣಕ್ಕಾಗಿ ಅಭಯಾರಣ್ಯ ಪ್ರವೇಶಿಸಲು ಕಾಯ್ದೆಯ 28ನೇ ಸೆಕ್ಷನ್ ಅನುಮತಿಯ ವ್ಯವಸ್ಥೆ ಮಾಡಿದೆ. ನಿಲುಕು ಸಾಲದ ಮಸೂರ ಹಿಡಿದು ಪ್ರಾಣಿಯ ಸಮೀಪ ಹೋಗುವುದು ಅದರ ಮೇವಿಗೂ ಮರಿಗಳಿಗೂ ತೊಂದರೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಕೆಗೆ ಪ್ರತ್ಯೇಕ ಅನುಮತಿ ಬೇಕು.

ಆರೈಕೆ

ಧೂಳನ್ನು ಮೊದಲು ಗಾಳಿಯುಂಡೆಯಿಂದ ಊದಿ, ಬಳಿಕವಷ್ಟೇ ಮೆದು ಬಟ್ಟೆಯಿಂದ ಒರೆಸಬೇಕು. ಮಳೆಗಾಲದಲ್ಲಿ ಮಸೂರದೊಳಗೆ ಶಿಲೀಂಧ್ರ ಬೆಳೆಯದಂತೆ ಸಿಲಿಕಾ ಜೆಲ್ ಇಟ್ಟ ಗಾಳಿಯಾಡದ ಡಬ್ಬಿ ಅಥವಾ ತೇವನಿಯಂತ್ರಕ ಪೆಟ್ಟಿಗೆ ಬಳಸುತ್ತಾರೆ. ಹಳೆಯ ಮಸೂರ ಕೊಳ್ಳುವಾಗ ಹಿಂಬದಿಯಿಂದ ಟಾರ್ಚ್ ಬೆಳಕು ಹಾಯಿಸಿದರೆ ಬಲೆಯಂಥ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಬೆಳಕಿಂಡಿಯ ಅಲಗುಗಳ ಮೇಲಿನ ಎಣ್ಣೆ, ಫೋಕಸ್ ಮೋಟಾರಿನ ಸದ್ದು, ಜೋಡಣೆಯ ಸಡಿಲವನ್ನೂ ಪರೀಕ್ಷಿಸಬೇಕು.

ಇಂದಿನ ಸ್ಥಿತಿ

ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಪ್ರಾಣಿ, ಪಕ್ಷಿಗಳ ಕಣ್ಣನ್ನು ತಾನಾಗಿ ಗುರುತಿಸುವ ಆಟೊಫೋಕಸ್ ಸಾಮಾನ್ಯವಾಗಿದೆ. ಹೆಚ್ಚಿನ ಐಎಸ್‌ಒ ಮತ್ತು ನಾಯ್ಸ್ ತಗ್ಗಿಸುವ ತಂತ್ರಾಂಶದಿಂದ ಎಫ್/6.3 ಮಸೂರಗಳೂ ಮೊದಲಿಗಿಂತ ಕಡಿಮೆ ಬೆಳಕಿನಲ್ಲಿ ಕೆಲಸಕ್ಕೆ ಬರುತ್ತಿವೆ. ವೇಗದ ಝೂಮ್‌ಗಳು ಹಗುರಾಗುವ ದಿಕ್ಕಿನಲ್ಲಿ ಸಾಗಿವೆ. 2024ರಲ್ಲಿ ಬಂದ ಕ್ಯಾನನ್ ಆರ್‌ಎಫ್ 70-200 ಎಫ್/2.8ರ ಹೊಸ ರೂಪ ಒಳಗೇ ಝೂಮ್ ಆಗುವಂಥದ್ದು, ಟೆಲಿಕನ್ವರ್ಟರನ್ನೂ ಒಪ್ಪುತ್ತದೆ. 2025ರಲ್ಲಿ ಸೋನಿ 50-150 ಮಿ.ಮೀ. ಎಫ್/2 ಮಸೂರವನ್ನು ತಂದು ಎಫ್/2.8ರ ರೂಢಿಯ ಮೇರೆಯನ್ನು ದಾಟಿದೆ. ಡಿಎಸ್‌ಎಲ್‌ಆರ್ ಕಾಲದ 70-200 ಎಫ್/2.8 ಮಸೂರಗಳು ಬಳಸಿದ ಸರಕಿನ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಕ್ಯಾನನ್ ಮತ್ತು ನಿಕಾನ್‌ನ ಅಂಥ ಮಸೂರಗಳು ಅಡಾಪ್ಟರ್ ಮೂಲಕ ಆಯಾ ಕಂಪನಿಯ ಹೊಸ ಕ್ಯಾಮೆರಾಗಳಿಗೂ ಕೂರುತ್ತವೆ. ಬೆಂಗಳೂರಿನಂಥ ನಗರಗಳಲ್ಲಿ ದಿನದ ಬಾಡಿಗೆಗೂ ಸಿಗುವುದರಿಂದ, ರಾಣೆಬೆನ್ನೂರಿನ ಬಯಲಿಗೆ ನಿಲುಕಿನ ಝೂಮ್, ಹೋರಿ ಹಬ್ಬಕ್ಕೆ ಎಫ್/2.8 ಎಂದು ಸಂದರ್ಭಕ್ಕೆ ತಕ್ಕ ಮಸೂರವನ್ನು ಕೊಳ್ಳದೆಯೂ ಬಳಸುವ ಅವಕಾಶವಿದೆ.